ಮಾರ್ಪಡದ ವಸ್ತು

ಹೊಗಳಿಕೆಯ ಮಾತುಗಳಲ್ಲಿ ಎರಡು ಬಗೆ ಉಂಟು. ಕೇಳುವಾಗ ಕಿವಿಗೆ ಇಂಪಾಗಿದ್ದು ಮನೆಗೆ ಹಿಂದಿರುಗುವಷ್ಟರಲ್ಲಿ ಮರೆತುಹೋಗುವುದು ಒಂದು. ಹೊದಿಸಿದ ಶಾಲಿನ ಮಡಿಕೆಯಲ್ಲಿ ಸಿಕ್ಕಿಕೊಂಡು ಮನೆಯವರೆಗೂ ಬಂದು, ಬಹುಕಾಲ ಜೊತೆಯಲ್ಲಿಯೇ ಬಾಳಿ, ಒಂದು ದಿನ ತಾನೇ ಪ್ರಶ್ನೆಯಾಗಿ ಎದ್ದುನಿಲ್ಲುವುದು ಇನ್ನೊಂದು. ಶಿರಾಡಿ ಘಾಟಿಯ ನೆತ್ತಿಗೆ ಸಮೀಪದ ಪೇಟೆಯೊಂದರಲ್ಲಿ 35 ವರ್ಷಗಳ ಕಾಲ ರಸಾಯನಶಾಸ್ತ್ರವನ್ನು ಬೋಧಿಸಿ 2011ರಲ್ಲಿ ನಿವೃತ್ತರಾದ ಮೇಷ್ಟರೊಬ್ಬರಿಗೆ ದೊರೆತದ್ದು ಈ ಎರಡನೆಯ ಬಗೆಯ ಹೊಗಳಿಕೆ.

ಬೀಳ್ಕೊಡುವ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ನಮ್ಮ ಮೇಷ್ಟರು ವೇಗವರ್ಧಕವಿದ್ದ ಹಾಗೆ. ಅವರ ಸನ್ನಿಧಿಯಲ್ಲಿ ನಾವೆಲ್ಲ ಬದಲಾದೆವು, ಅವರು ಮಾತ್ರ ಬದಲಾಗಲಿಲ್ಲ,” ಎಂದನು. ಸಭೆಯು ಚಪ್ಪಾಳೆ ತಟ್ಟಿತು. ಮೇಷ್ಟರ ಕಣ್ಣು ತೇವವಾಯಿತು. ತಾವು ಕಲಿಸಿದ ಪಾಠವೇ ತಮ್ಮ ಚರಿತ್ರೆಯಾಗಿ ಹಿಂದಿರುಗಿ ಬಂದರೆ ಯಾವ ಉಪಾಧ್ಯಾಯನ ಮನಸ್ಸು ತಾನೇ ಹಿಗ್ಗದು? “ಯಾವ ವಸ್ತುವು ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸಿ, ಕ್ರಿಯೆಯ ಕೊನೆಯಲ್ಲಿ ತಾನು ಮಾರ್ಪಡದೆ ಉಳಿಯುವುದೋ ಅದು ವೇಗವರ್ಧಕ” ಎಂಬ ವಾಕ್ಯವನ್ನು ಅವರು ವರ್ಷಕ್ಕೊಮ್ಮೆಯಾದರೂ ಕರಿಹಲಗೆಯ ಮೇಲೆ ಬರೆದಿದ್ದರು. ಹುಡುಗರಿಂದ ಬಾಯಿಪಾಠ ಮಾಡಿಸಿದ್ದರು.

ಬಾಯಿಪಾಠದಿಂದ ಮಾತ್ರ ತೃಪ್ತರಾಗುವ ಮೇಷ್ಟರಲ್ಲ ಅವರು. ಪೊಟಾಸಿಯಮ್ ಕ್ಲೋರೇಟಿಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಯ ಪುಡಿಯನ್ನು ತೂಗಿ ಬೆರಸಿ, ಕಾಯಿಸಿ, ಆಮ್ಲಜನಕವು ಗುಳುಗುಳು ಎಂದು ಹೊರಟುಹೋದ ಮೇಲೆ ಉಳಿದುದನ್ನು ನೀರಿನಲ್ಲಿ ಕರಗಿಸಿ ಸೋಸುತ್ತಿದ್ದರು. ಸೋಸುಕಾಗದದ ಮೇಲೆ ನಿಂತ ಕರಿಯ ಪುಡಿಯನ್ನು ಒಣಗಿಸಿ ಮತ್ತೆ ತಕ್ಕಡಿಗೆ ಹಾಕಿ, “ನೋಡಿ, ಹಾಕಿದಷ್ಟೇ ಇದೆ,” ಎನ್ನುತ್ತಿದ್ದರು. ತಕ್ಕಡಿಯ ಮುಳ್ಳು ನಡುವೆ ನಿಂತಾಗ ಅವರ ಮುಖದಲ್ಲಿ ಮೂಡುತ್ತಿದ್ದ ಪ್ರಸನ್ನತೆಯನ್ನು ಅವರ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಅವರ ಬಾಳೂ ಆ ತಕ್ಕಡಿಯಂತೆಯೇ ಇತ್ತು. ಅದೇ ಬಿಳಿಯ ಅಂಗಿ, ಅದೇ ಗಂಟೆಗೆ ಶಾಲೆ, ಎಲ್ಲರಿಗೂ ಅದೇ ಅಂಕ, ಅದೇ ಶಿಕ್ಷೆ. ಯಾರ ಹಂಗೂ ತಮಗೆ ಅಂಟಲಿಲ್ಲ, ಯಾರ ಕೊಳೆಯೂ ಸೋಂಕಲಿಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಕಾಪಾಡಿಕೊಂಡು ಬಂದ ಅಭಿಮಾನವಾಗಿದ್ದಿತು.

2022ರ ದೀಪಾವಳಿಗೆ ಮೇಷ್ಟರ ಸೋದರಳಿಯನು ಮನೆಗೆ ಬಂದನು. ಕರಾವಳಿಯ ತೈಲಶುದ್ಧಿಯ ಕಾರ್ಖಾನೆಯಲ್ಲಿ ಆತನಿಗೆ ಕೆಲಸ. ಮಾವನಿಗೆ ಪ್ರಿಯವಾದೀತೆಂದು ಒಂದು ಪುಟ್ಟ ಗಾಜಿನ ಸೀಸೆಯನ್ನು ತಂದಿದ್ದನು. ವ್ಯಾಪಾರದವರು ಮಾದರಿಗೆಂದು ಹಂಚುವ ಸೀಸೆಯದು. ಅದರೊಳಗೆ ಅಕ್ಕಿಯ ಕಾಳಿಗಿಂತ ಸ್ವಲ್ಪ ದಪ್ಪನಾದ, ಅಡ್ಡಲಾಗಿ ಮುರಿದರೆ ಮೂರು ದಳದ ಎಲೆಯಂತೆ ಕಾಣುವ, ನೀಲಿಯ ಬಣ್ಣದ ಕಡ್ಡಿಚೂರುಗಳಿದ್ದವು.

“ಇದೇನಪ್ಪಾ?” ಎಂದರು ಮೇಷ್ಟರು.

“ಕ್ಯಾಟಲಿಸ್ಟು, ಮಾವ. ಡೀಸೆಲಿನಿಂದ ಗಂಧಕ ತೆಗೆಯೋದು ಇದೇ.”

ಮೇಷ್ಟರು ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕವನ್ನು ಹಣೆಗೇರಿಸಿ ನೋಡಿದರು. ನೋಟಕ್ಕೆ ಅಷ್ಟೇನೂ ದೊಡ್ಡ ಪದಾರ್ಥವಲ್ಲ. ಒಳಗಿರುವುದು ಅಲ್ಯುಮಿನಾ, ಅದರ ಮೈಯ ಮೇಲೆ ಮಾಲಿಬ್ಡಿನಮ್ ಮತ್ತು ಕೋಬಾಲ್ಟ್ ಎಂಬ ಲೋಹಗಳ ಆಕ್ಸೈಡುಗಳು. ಆದರೆ ಆ ಅಲ್ಯುಮಿನಾದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಮಿನಷ್ಟು ಚೂರುಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರುಗಳ ಅಂಗಳವಾದೀತು. ಒಂದು ಚಿಟಿಕೆಯಲ್ಲಿ ಒಂದು ದೊಡ್ಡ ಮನೆಯ ಅಂಗಳವು ಅಡಗಿರುವುದೆಂದು ಕೇಳಿ ಮೇಷ್ಟರು ತಲೆದೂಗಿದರು.

ಇಷ್ಟೆಲ್ಲ ಸಿದ್ಧತೆಯು ಗಂಧಕವೊಂದಕ್ಕಾಗಿ ಏಕೆ ಎಂದು ವಾಚಕರು ಕೇಳಬಹುದು. ಕಚ್ಚಾತೈಲದಲ್ಲಿ ಗಂಧಕವು ಪುಡಿಯಾಗಿ ಬೆರೆತಿರುವುದಿಲ್ಲ. ಇಂಗಾಲದೊಡನೆ ಸಂಯೋಗಗೊಂಡು ಅಣುವಿನ ಅಂಗವೇ ಆಗಿರುತ್ತದೆ. ಆದುದರಿಂದ ಸೋಸಿದರೆ ಅದು ನಿಲ್ಲದು. ಬಟ್ಟಿಯಿಳಿಸಿದರೆ ಆವಿಯೊಡನೆ ತಾನೂ ಏರಿಬರುತ್ತದೆ. ಎಂಜಿನ್ನಿನಲ್ಲಿ ಉರಿದಾಗ ಸಲ್ಫರ್ ಡೈಆಕ್ಸೈಡ್ ಎಂಬ ಉಸಿರುಕಟ್ಟಿಸುವ ಅನಿಲವಾಗುತ್ತದೆ. ಗಾಳಿಯ ತೇವದೊಡನೆ ಕೂಡಿ ಗಂಧಕಾಮ್ಲವಾಗಿ, ಸಲ್ಫೇಟಿನ ಸೂಕ್ಷ್ಮ ಕಣಗಳಾಗಿ, ಜನರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದೂ ಸಾಲದೆಂಬಂತೆ, ಹೊಗೆಯನ್ನು ಶುದ್ಧಿಮಾಡಲೆಂದು ವಾಹನಗಳ ಹೊಗೆಕೊಳವೆಯಲ್ಲಿ ಇರಿಸುವ ಪ್ಲಾಟಿನಮ್ಮಿನಂತಹ ಲೋಹಗಳ ಶಕ್ತಿಯನ್ನೂ ಕುಂದಿಸುತ್ತದೆ. ಗಂಧಕವು ಹೋಗದೆ ಹೊಗೆಯ ಉಳಿದ ವಿಷಗಳನ್ನು ಕಳೆಯುವ ದಾರಿಯೂ ತೆರೆಯುವುದಿಲ್ಲ.

ಭಾರತದಲ್ಲಿ 1990ರ ದಶಕದ ಮೊದಲ ವರ್ಷಗಳವರೆಗೆ ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲು ಗಂಧಕವಿರಲು ಅನುಮತಿಯಿತ್ತು. ಅಂದರೆ ಹತ್ತು ಲಕ್ಷ ಭಾಗಕ್ಕೆ 10,000 ಭಾಗ. 2010ರಲ್ಲಿ ಅದು 350ಕ್ಕೂ, ಬೆಂಗಳೂರನ್ನೊಳಗೊಂಡ 13 ನಗರಗಳಲ್ಲಿ 50ಕ್ಕೂ ಇಳಿಯಿತು. 2017ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ 50 ಎಂದಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರರ ನಿಯಮವು ಜಾರಿಗೆ ಬಂದು 10 ಭಾಗಕ್ಕೆ ಇಳಿಯಿತು. ಅಳಿಯನು ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳಿದಾಗ ಮೇಷ್ಟರು ಅಭ್ಯಾಸಬಲದಿಂದ ಬಳಪವಿಲ್ಲದ ಕೈಯಿಂದಲೇ ಗಾಳಿಯಲ್ಲಿ ಗುಣಿಸಿ ನೋಡಿದರು. ಘಾಟಿಯನ್ನೇರಿ ಬರುವ 12,000 ಲೀಟರಿನ ಒಂದು ಟ್ಯಾಂಕರಿನಲ್ಲಿ ಹತ್ತಿರಹತ್ತಿರ 10,000 ಕಿಲೋಗ್ರಾಂ ಡೀಸೆಲ್ ಇರುತ್ತದೆ. ಹಿಂದೆ ಅದರೊಳಗೆ ನೂರು ಕಿಲೋ ಗಂಧಕ, ಎಂದರೆ ಎರಡು ಮೂಟೆ, ಕಾಣದಂತೆ ಪ್ರಯಾಣಮಾಡಬಹುದಾಗಿತ್ತು. ಈಗ ಇರಬಹುದಾದದ್ದು ನೂರು ಗ್ರಾಂ, ಒಂದು ಹಿಡಿ.

ಎರಡು ಮೂಟೆಯನ್ನು ಒಂದು ಹಿಡಿಗೆ ಇಳಿಸಿದ ಈ ಕಥೆಯು ದೀರ್ಘವಾದುದು. ಅದರ ಮೊದಲ ಪುಟಗಳು ಅಮೆರಿಕದಲ್ಲಿ ಬರೆಯಲ್ಪಟ್ಟವು. 1885ರಲ್ಲಿ ಒಹಾಯೋ ಪ್ರಾಂತದ ಲೈಮಾ ಎಂಬಲ್ಲಿ ಹೇರಳವಾಗಿ ಕಲ್ಲೆಣ್ಣೆ ದೊರೆಯಿತು. ಆದರೆ ಅದಕ್ಕೆ ಕೊಳೆತ ಮೊಟ್ಟೆಯ ನಾತ. ಅದರಿಂದ ತೆಗೆದ ಸೀಮೆಎಣ್ಣೆಯನ್ನು ದೀಪಕ್ಕೆ ಹಾಕಿದರೆ ಬುರುಡೆಗೆ ಮಸಿ ಕಟ್ಟಿ ಮನೆಯೆಲ್ಲ ನಾರುತ್ತಿತ್ತು. ಎಣ್ಣೆಯ ಬೆಲೆಯು ಪೀಪಾಯಿಗೆ 15 ಸೆಂಟಿನಷ್ಟಕ್ಕೆ ಇಳಿಯಿತು. ಆಗ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯವರು ಹರ್ಮನ್ ಫ್ರ್ಯಾಷ್ ಎಂಬ ರಸಾಯನಜ್ಞನನ್ನು ಕರೆಸಿದರು. ಜರ್ಮನಿಯಲ್ಲಿ 1851ರಲ್ಲಿ ಹುಟ್ಟಿ, ಔಷಧದಂಗಡಿಯಲ್ಲಿ ಕೆಲಸ ಕಲಿತು, 1868ರಲ್ಲಿ ಸಮುದ್ರ ದಾಟಿ ಬಂದವನು ಆತ. ಎಣ್ಣೆಯ ಆವಿಯನ್ನು ತಾಮ್ರದ ಆಕ್ಸೈಡಿನೊಡನೆ ಸೇರುವಂತೆ ಮಾಡಿದರೆ ಗಂಧಕವು ಎಣ್ಣೆಯನ್ನು ಬಿಟ್ಟು ತಾಮ್ರಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ಆತನು ಕಾರ್ಖಾನೆಯ ಮಟ್ಟದಲ್ಲಿ ಸಾಧಿಸಿ ತೋರಿಸಿದನು. ಅಂಟಿದ ಗಂಧಕವನ್ನು ಗಾಳಿಯಲ್ಲಿ ಹುರಿದು ಕಳೆದರೆ ತಾಮ್ರದ ಆಕ್ಸೈಡು ಮತ್ತೆ ಕೆಲಸಕ್ಕೆ ಸಿದ್ಧ. ನಾರುವ ಎಣ್ಣೆಯು ದೀಪದ ಎಣ್ಣೆಯಾಯಿತು. ಅದರ ಬೆಲೆಯು ಹಲವು ಪಟ್ಟು ಏರಿತು.

“ಆದರೆ ಆ ತಾಮ್ರವು ವೇಗವರ್ಧಕವಲ್ಲವಪ್ಪಾ,” ಎಂದರು ಮೇಷ್ಟರು. “ಅದು ತಾನೇ ಖರ್ಚಾಗುತ್ತದೆ. ಹುರಿದು ಹುರಿದು ಮತ್ತೆ ಸರಿಮಾಡಬೇಕು. ವೇಗವರ್ಧಕವೆಂದರೆ ಮಾರ್ಪಡಬಾರದು.”

ಅಳಿಯನು ನಕ್ಕನು, ಮಾವನ ಮಾತಿಗೆ ಎದುರು ಹೇಳಲಿಲ್ಲ.

ಮೇಷ್ಟರ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಸ್ವೀಡನ್ನಿನ ಬರ್ಜೀಲಿಯಸ್ಸನು 1835ರಲ್ಲಿ ಇಂತಹ ಪದಾರ್ಥಗಳ ಶಕ್ತಿಗೆ ಕ್ಯಾಟಲಿಸಿಸ್ ಎಂದು ಹೆಸರಿಟ್ಟನು. ಈ ವಿಷಯದ ಸಂಶೋಧನೆಗಾಗಿಯೂ ಸೇರಿ 1909ರ ನೊಬೆಲ್ ಪಾರಿತೋಷಿಕವನ್ನು ಪಡೆದ ಓಸ್ಟ್‌ವಾಲ್ಡನು, ಕೊನೆಗೆ ದೊರೆಯುವ ಪದಾರ್ಥದಲ್ಲಿ ತಾನು ಕಾಣಿಸಿಕೊಳ್ಳದೆ ಕ್ರಿಯೆಯ ವೇಗವನ್ನು ಮಾತ್ರ ಬದಲಿಸುವುದೇ ವೇಗವರ್ಧಕವೆಂದು ನಿರ್ಣಯಿಸಿದನು. ಫ್ರಾನ್ಸಿನ ಸಬಾತಿಯೆ ಎಂಬಾತನು ನಿಕ್ಕಲಿನ ನಯವಾದ ಪುಡಿಯ ಮೇಲೆ ಜಲಜನಕವನ್ನು ಹಾಯಿಸಿ ಸಾವಯವ ಪದಾರ್ಥಗಳಿಗೆ ಸೇರಿಸುವ ವಿಧಾನವನ್ನು ಕಂಡುಹಿಡಿದು 1912ರ ಪಾರಿತೋಷಿಕದಲ್ಲಿ ಪಾಲು ಪಡೆದನು. ಆದರೆ ಆ ನಿಕ್ಕಲಿಗೆ ಒಂದು ಶತ್ರುವಿತ್ತು, ಅದೇ ಗಂಧಕ. ಲವಲೇಶ ಗಂಧಕವು ಸೋಕಿದರೂ ನಿಕ್ಕಲಿನ ಚೈತನ್ಯವು ಅಡಗಿಹೋಗುತ್ತಿತ್ತು. ರಸಾಯನಜ್ಞರು ಅದಕ್ಕೆ ‘ವಿಷ’ ಎಂದೇ ಹೆಸರಿಟ್ಟರು. ಗಂಧಕವನ್ನು ಕಳೆಯುವುದಕ್ಕೆ ಜಲಜನಕವು ಬೇಕು. ಜಲಜನಕವು ಕೆಲಸ ಮಾಡಲು ಲೋಹವು ಬೇಕು. ಆ ಲೋಹವಾದರೋ ಗಂಧಕವನ್ನು ಕಂಡೊಡನೆ ಸಾಯುತ್ತದೆ! ರೋಗಿಯನ್ನು ಮುಟ್ಟಿದೊಡನೆ ತಾನೇ ಹಾಸಿಗೆ ಹಿಡಿಯುವ ವೈದ್ಯನಿಂದ ಏನು ಪ್ರಯೋಜನ?

ಈ ತೊಡಕನ್ನು ಬಿಡಿಸಿದವರು 1920ರ ದಶಕದ ಜರ್ಮನಿಯವರು. ಕಲ್ಲಿದ್ದಲಿಗೆ ಜಲಜನಕವನ್ನು ಸೇರಿಸಿ ಎಣ್ಣೆ ಮಾಡುವ ಯತ್ನದಲ್ಲಿದ್ದ ಮತ್ತಿಯಾಸ್ ಪೀಯರ್ ಮತ್ತು ಆತನ ಸಂಗಡಿಗರು, ಗಂಧಕದಿಂದ ತಪ್ಪಿಸಿಕೊಳ್ಳುವ ಲೋಹವನ್ನು ಹುಡುಕುವುದಕ್ಕೆ ಬದಲಾಗಿ, ಗಂಧಕದೊಡನೆಯೇ ಬಾಳಬಲ್ಲ ಪದಾರ್ಥವನ್ನು ಹುಡುಕಿದರು. ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಎಂಬ ಲೋಹಗಳು ಗಂಧಕದೊಡನೆ ಕೂಡಿ ಸಲ್ಫೈಡುಗಳಾದ ಮೇಲೂ ಕೆಲಸ ಮಾಡುತ್ತವೆ ಎಂಬುದು ಅವರಿಗೆ ಗೊತ್ತಾಯಿತು. 1927ರಲ್ಲಿ ಲೊಯ್ನಾ ಎಂಬಲ್ಲಿ ಅವರ ಕಾರ್ಖಾನೆಯು ಆರಂಭವಾಯಿತು. ಇಂದು ಜಗತ್ತಿನ ತೈಲಶುದ್ಧಿಯ ಕಾರ್ಖಾನೆಗಳಲ್ಲಿ ಗಂಧಕವನ್ನು ಕಳೆಯುವ ನೀಲಿಯ ಚೂರುಗಳು ಆ ವಂಶದವು.

ಊಟವಾದ ಮೇಲೆ ಜಗುಲಿಯಲ್ಲಿ ಕುಳಿತಾಗ ಅಳಿಯನು ಮೆಲ್ಲನೆ ವಿಷಯಕ್ಕೆ ಬಂದನು.

“ಮಾವ, ಈ ಸೀಸೇಲಿರೋದನ್ನ ಹಾಗೇ ಹಾಕಿದ್ರೆ ಏನೂ ಕೆಲಸ ಮಾಡೋದಿಲ್ಲ.”

“ಏಕೆ?”

“ಮೊದಲು ಇದಕ್ಕೇ ಗಂಧಕ ಕುಡಿಸ್ಬೇಕು. ಆಮೇಲೇನೇ ಡೀಸೆಲ್ಲು.”

ಮೇಷ್ಟರು ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

ಅಳಿಯನು ವಿವರಿಸಿದನು. ಈ ಚೂರುಗಳನ್ನು ಎತ್ತರವಾದ ಉಕ್ಕಿನ ಗೋಪುರದಂತಹ ಪಾತ್ರೆಗೆ ತುಂಬುತ್ತಾರೆ. ಆಮೇಲೆ ಜಲಜನಕದೊಡನೆ ಗಂಧಕವುಳ್ಳ ನಾರುವ ದ್ರವವೊಂದನ್ನು ಹಾಯಿಸುತ್ತಾ, ಗಂಟೆಗಂಟೆಗೂ ಎಚ್ಚರದಿಂದ ಕಾವನ್ನು ಏರಿಸುತ್ತಾ ಹೋಗುತ್ತಾರೆ. ಚೂರುಗಳ ಮೈಯಲ್ಲಿದ್ದ ಆಮ್ಲಜನಕವು ಹೋಗಿ ಆ ಸ್ಥಾನಕ್ಕೆ ಗಂಧಕವು ಬರುತ್ತದೆ. ನೀಲಿಯು ಅಳಿದು ಕಪ್ಪಾಗುತ್ತದೆ. ಅಲ್ಲಿಯವರೆಗೆ ಅದು ವೇಗವರ್ಧಕವೇ ಅಲ್ಲ. ವೇಗವರ್ಧಕವಾಗಬಲ್ಲ ವಸ್ತು ಮಾತ್ರ. ಕಪ್ಪಾದ ಮೇಲೆ 300ರಿಂದ 400 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ, ವಾಯುಮಂಡಲದ ಹಲವು ಹತ್ತು ಪಟ್ಟು ಒತ್ತಡದಲ್ಲಿ, ಡೀಸೆಲೂ ಜಲಜನಕವೂ ಅದರ ಮೇಲೆ ಹರಿಯುತ್ತವೆ.

ಆಗ ನಡೆಯುವ ವ್ಯಾಪಾರವು ಮೇಷ್ಟರ ತಕ್ಕಡಿಗೆ ಕಾಣುವಂತಹುದಲ್ಲ. ಮಾಲಿಬ್ಡಿನಮ್ ಸಲ್ಫೈಡು ಕಾಗದದ ಹಾಳೆಯಂತೆ ತೆಳುವಾದ ಪದರವಾಗಿ ಅಲ್ಯುಮಿನಾದ ಮೇಲೆ ಕುಳಿತಿರುತ್ತದೆ. ಹಾಳೆಯ ನಡುಭಾಗವು ಹೆಚ್ಚುಕಡಿಮೆ ಜಡ, ಕೆಲಸವೆಲ್ಲ ಅಂಚಿನಲ್ಲಿ. ಕೋಬಾಲ್ಟು ಕುಳಿತಿರುವುದೂ ಆ ಅಂಚಿನಲ್ಲಿಯೇ ಎಂಬುದನ್ನು ಡೆನ್ಮಾರ್ಕಿನ ಟಾಪ್ಸೋ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಹಲವು ವರ್ಷ ದುಡಿದು ತಿಳಿದರು. ಅದೇ ದೇಶದ ಆರ್ಹೂಸ್ ವಿಶ್ವವಿದ್ಯಾನಿಲಯದಲ್ಲಿ 2000ರ ಸುಮಾರಿಗೆ ಅಣುಗಳನ್ನು ತಡವಿ ನೋಡುವ ಸೂಕ್ಷ್ಮದರ್ಶಕದಿಂದ ಆ ಪುಟ್ಟ ಹಾಳೆಗಳ ಚಿತ್ರವನ್ನೇ ತೆಗೆದರು. ಜಲಜನಕವು ಬಂದು ಅಂಚಿನಲ್ಲಿರುವ ಒಂದು ಗಂಧಕವನ್ನು ಕಿತ್ತೊಯ್ಯುತ್ತದೆ. ಅಲ್ಲಿ ಒಂದು ಸ್ಥಾನವು ಬರಿದಾಗುತ್ತದೆ. ಡೀಸೆಲಿನ ಅಣುವೊಂದು ತನ್ನ ಗಂಧಕವನ್ನು ಆ ಬರಿದಾದ ಸ್ಥಾನದಲ್ಲಿ ಊರುತ್ತದೆ. ಇಂಗಾಲಕ್ಕೂ ಗಂಧಕಕ್ಕೂ ಇದ್ದ ಬಂಧವು ಅಲ್ಲಿ ಹರಿಯುತ್ತದೆ. ಇಂಗಾಲದ ಭಾಗವು ಜಲಜನಕವನ್ನು ಕೂಡಿಕೊಂಡು ಹೊರಟುಹೋಗುತ್ತದೆ. ಗಂಧಕವು ಅಲ್ಲಿಯೇ ಉಳಿಯುತ್ತದೆ. ಮತ್ತೆ ಜಲಜನಕವು ಬರುತ್ತದೆ, ಮತ್ತೆ ಸ್ಥಾನವು ಬರಿದಾಗುತ್ತದೆ. ಅಣುಗಳಲ್ಲಿ ಕೆಲವು ಸುಲಭವಾಗಿ ಒಪ್ಪುತ್ತವೆ. ಇನ್ನು ಕೆಲವಕ್ಕೆ, ಗಂಧಕದ ಎರಡು ಪಕ್ಕದಲ್ಲಿಯೂ ಮೀಥೈಲ್ ಎಂಬ ಗುಂಪುಗಳು ಕಂಬಗಳಂತೆ ನಿಂತಿರುವುದರಿಂದ, ಅಂಚಿನವರೆಗೆ ಬಂದರೂ ಗಂಧಕವು ತಾಗುವುದೇ ಕಷ್ಟ. ಹತ್ತು ಸಾವಿರದಿಂದ ಕೆಲವು ನೂರಕ್ಕೆ ಇಳಿಯುವುದಕ್ಕಿಂತ ಐವತ್ತರಿಂದ ಹತ್ತಕ್ಕೆ ಇಳಿಯುವುದು ದುಸ್ತರವಾದದ್ದು ಈ ಮೂಲೆಯಲ್ಲಿ ಅಡಗಿದವುಗಳಿಂದಾಗಿಯೇ.

“ಹಾಗಾದರೆ,” ಎಂದರು ಮೇಷ್ಟರು ನಿಧಾನವಾಗಿ, “ಅದು ಪ್ರತಿ ಸಲವೂ ಮಾರ್ಪಡುತ್ತದೆ.”

“ಪ್ರತಿ ಸಲಾನೂ, ಮಾವ. ಮಾರ್ಪಡ್ತಾ ಇರೋದ್ರಿಂದಾನೇ ಕೆಲಸ ನಡೆಯೋದು. ಲೆಕ್ಕ ಹಾಕಿದ್ರೆ ಕೊನೇಲಿ ಮೊದಲಿನ ಹಾಗೇ ಇದೆ ಅನ್ಸುತ್ತೆ, ಅಷ್ಟೆ.”

“ಕೊನೆಯಲ್ಲಾದರೂ ಮೊದಲಿನ ಹಾಗೆ ಇರುತ್ತದಲ್ಲ?”

ಅಳಿಯನು ಅದಕ್ಕೂ ಪೂರ್ತಿಯಾಗಿ ಹೌದೆನ್ನಲಿಲ್ಲ. ವರ್ಷಗಳು ಕಳೆದಂತೆ ಚೂರುಗಳ ರಂಧ್ರಗಳಲ್ಲಿ ಕರಿ ಕಟ್ಟುತ್ತದೆ. ಭಾರವಾದ ಎಣ್ಣೆಗಳಿಂದಾದರೆ ವೆನೇಡಿಯಮ್, ನಿಕ್ಕಲ್ ಮುಂತಾದ ಲೋಹಗಳೂ ಬಂದು ಕೂರುತ್ತವೆ. ಶಕ್ತಿಯು ತಗ್ಗಿದಂತೆಲ್ಲ ಕಾವನ್ನು ಸ್ವಲ್ಪಸ್ವಲ್ಪವೇ ಏರಿಸಿ ಅದೇ ಕೆಲಸವನ್ನು ತೆಗೆಯುತ್ತಾರೆ. ಇನ್ನು ಏರಿಸಲಾಗದೆಂಬ ದಿನ ಬಂದಾಗ ಕಾರ್ಖಾನೆಯ ಆ ಭಾಗವನ್ನು ನಿಲ್ಲಿಸಿ ಚೂರುಗಳನ್ನು ಹೊರಗೆ ತೆಗೆಯಬೇಕು. ಗಾಳಿ ಸೋಕಿದರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದಾದ ಪದಾರ್ಥವದು; ಆದುದರಿಂದ ಪಾತ್ರೆಯೊಳಗೆ ಸಾರಜನಕವನ್ನು ತುಂಬುತ್ತಾರೆ. ಉಸಿರಾಡಲು ಗಾಳಿಯಿಲ್ಲದ ಆ ಕತ್ತಲೆಗೆ ಮನುಷ್ಯರು ಮುಖಕ್ಕೆ ಉಸಿರಿನ ಕೊಳವೆ ಕಟ್ಟಿಕೊಂಡು ಇಳಿಯುತ್ತಾರೆ. ಹೊರಬಂದ ಚೂರುಗಳಲ್ಲಿ ಕೆಲವನ್ನು ಹದವಾಗಿ ಸುಟ್ಟು ಮತ್ತೆ ಬಳಸುವುದುಂಟು. ಕೆಲವನ್ನು ಲೋಹಕ್ಕಾಗಿ ಕರಗಿಸುವುದುಂಟು.

ಕಿತ್ತ ಗಂಧಕವೇನಾಗುತ್ತದೆ ಎಂಬುದಕ್ಕೂ ಉತ್ತರವಿತ್ತು. ಜಲಜನಕದೊಡನೆ ಸೇರಿ ಅನಿಲವಾಗಿ ಬಂದ ಅದನ್ನು ಕ್ಲಾಸ್ ಎಂಬಾತನು 1883ರಲ್ಲಿ ಕಂಡುಹಿಡಿದ ವಿಧಾನದಿಂದ ಹಳದಿಯ ಗಂಧಕವಾಗಿ ಮಾರ್ಪಡಿಸುತ್ತಾರೆ. ಅದು ಗಂಧಕಾಮ್ಲಕ್ಕೂ ಗೊಬ್ಬರಕ್ಕೂ ಹೋಗುತ್ತದೆ. ಇಲ್ಲೊಂದು ವಿನೋದವೂ ಉಂಟು. ಎಣ್ಣೆಯಿಂದ ಗಂಧಕವನ್ನು ಓಡಿಸಿದ ಅದೇ ಫ್ರ್ಯಾಷ್ ಮಹಾಶಯನು 1894ರಲ್ಲಿ ಲೂಯಿಸಿಯಾನದ ನೆಲದಾಳಕ್ಕೆ ಕುದಿಯುವ ಮಟ್ಟಕ್ಕಿಂತಲೂ ಹೆಚ್ಚಾಗಿ ಕಾಯಿಸಿದ ನೀರನ್ನು ಒತ್ತಡದಿಂದ ಇಳಿಸಿ, ಅಲ್ಲಿದ್ದ ಗಂಧಕವನ್ನು ಕರಗಿಸಿ ಮೇಲೆತ್ತಿದನು. ಆ ಗಣಿಗಳು ಬಹುಕಾಲ ಜಗತ್ತಿಗೆ ಗಂಧಕವನ್ನು ಒದಗಿಸಿದವು. ಎಣ್ಣೆಯಿಂದ ಕಿತ್ತ ಗಂಧಕವೇ ರಾಶಿರಾಶಿಯಾಗಿ ದೊರೆಯತೊಡಗಿದ ಮೇಲೆ ನೆಲದಿಂದ ಎತ್ತುವುದು ಲಾಭವಾಗದೆ, ಅಮೆರಿಕದಲ್ಲಿ ಆ ಬಗೆಯ ಕೊನೆಯ ಗಣಿಯು 2000ರಲ್ಲಿ ಮುಚ್ಚಿತು. ಆತನ ಮೊದಲನೆಯ ಮಗುವು ಎರಡನೆಯದನ್ನು ನುಂಗಿತೆನ್ನಬೇಕು.

ಅಳಿಯನು ಈ ಕೊನೆಯ ಸಂಗತಿಯನ್ನು ನಗಿಸಲೆಂದೇ ಹೇಳಿದ್ದನು. ಮೇಷ್ಟರು ನಗಲಿಲ್ಲ. ಅವರು ಸೀಸೆಯನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ನೆನಪಿಗೆ ಬಂದದ್ದು ಬರ್ಜೀಲಿಯಸ್ಸನೂ ಅಲ್ಲ, ಬೀಳ್ಕೊಡುಗೆಯ ಶಾಲೂ ಅಲ್ಲ. 1986ನೆಯ ವರ್ಷದ ಹತ್ತನೆಯ ತರಗತಿ. ಘಾಟಿಯನ್ನೇರಿ ಸುಸ್ತಾದ ಲಾರಿಗಳು ಆ ಪೇಟೆಯಲ್ಲಿ ನಿಲ್ಲುತ್ತಿದ್ದವು. ರಸ್ತೆಯ ಬದಿಯಲ್ಲಿ ಗ್ಯಾರೇಜುಗಳಿದ್ದವು. ಒಬ್ಬ ಹುಡುಗನು ರಾತ್ರಿಯೆಲ್ಲ ಅಂತಹದೊಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಭಾಗಗಳನ್ನು ಡೀಸೆಲಿನಲ್ಲಿ ತೊಳೆದು, ಬೆಳಿಗ್ಗೆ ಅದೇ ಅಂಗಿಯಲ್ಲಿ ತರಗತಿಗೆ ಬರುತ್ತಿದ್ದನು. ಅವನ ಮೈಯ ವಾಸನೆಗೆ ಪಕ್ಕದ ಹುಡುಗರು ಮೂಗು ಮುಚ್ಚಿದರು. ಒಬ್ಬನು ದೂರನ್ನೂ ಹೇಳಿದನು. ಮೇಷ್ಟರು ಯಾರನ್ನೂ ಗದರಲಿಲ್ಲ. ಬಾಗಿಲ ಬಳಿಗೆ ಒಂದು ಬೆಂಚನ್ನು ಎಳೆಸಿ, ಆ ಹುಡುಗನನ್ನು ಅಲ್ಲಿ ಒಬ್ಬನನ್ನೇ ಕೂರಿಸಿದರು. ನ್ಯಾಯವಾದ ತೀರ್ಮಾನವೆಂದೇ ಅವರಿಗೆ ಆಗ ತೋರಿತ್ತು. ಎಲ್ಲರಿಗೂ ಪಾಠ ಕೇಳಿಸುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಜನವರಿ ತಿಂಗಳಲ್ಲಿ ಒಂದು ಸೋಮವಾರ ಆ ಬೆಂಚು ಬರಿದಾಗಿತ್ತು. ಮೇಷ್ಟರು ಹಾಜರಿಯಲ್ಲಿ ಗುರುತು ಹಾಕಿದರು. ಮರುದಿನವೂ ಹಾಕಿದರು. ಹಾಕುತ್ತಲೇ ಹೋದರು. ಗ್ಯಾರೇಜು ಶಾಲೆಯಿಂದ ಹತ್ತು ನಿಮಿಷದ ನಡಿಗೆ, ಅವರು ನಡೆಯಲಿಲ್ಲ. ವಾರ್ಷಿಕ ಪರೀಕ್ಷೆಗೆ ಆ ಹುಡುಗನು ಕೂರಲಿಲ್ಲ.

ಆ ಹುಡುಗನ ಪಾಲಿಗೆ ಮೇಷ್ಟರು ಅಕ್ಷರಶಃ ಮಾರ್ಪಡದೆ ಉಳಿದಿದ್ದರು. ಅವನೂ ಮಾರ್ಪಡದೆ ಹೋದನು. ಹಾಕಿದಷ್ಟೇ ಉಳಿದ ಆ ತೂಕವು ಯಾವ ಕ್ರಿಯೆಯೂ ನಡೆಯದಿದ್ದಾಗಲೂ ಅಷ್ಟೇ ಇರುತ್ತದೆ ಎಂಬ ಸರಳ ಸಂಗತಿಯು 35 ವರ್ಷ ತಕ್ಕಡಿ ಹಿಡಿದ ಕೈಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ಹಬ್ಬ ಮುಗಿದು ಅಳಿಯನು ಊರಿಗೆ ಹೊರಟ ಮರುದಿನ ಮೇಷ್ಟರು ಕೊಡೆ ಹಿಡಿದು ಹೆದ್ದಾರಿಯ ಕಡೆಗೆ ನಡೆದರು. ಆ ಹುಡುಗನು ಊರಿನಲ್ಲಿಯೇ ಇದ್ದಾನೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಈಗ ಅವನದೇ ಗ್ಯಾರೇಜು, ಕೈಕೆಳಗೆ ನಾಲ್ವರು ಹುಡುಗರು, ತಲೆ ನರೆತಿದೆ. ದಾರಿಯಲ್ಲಿ ಎದುರಾದಾಗ ಅವನು ಕೈಮುಗಿಯುತ್ತಿದ್ದನು, ಇವರು ತಲೆಯಾಡಿಸುತ್ತಿದ್ದರು. ಅಷ್ಟೇ.

ಮೇಷ್ಟರನ್ನು ಕಂಡು ಅವನು ಗಾಬರಿಯಿಂದ ಎದ್ದು, ಕೈಯನ್ನು ಬಟ್ಟೆಗೆ ಒರಸಿಕೊಂಡು, ಒಂದು ಕುರ್ಚಿಯನ್ನು ಝಾಡಿಸಿ ಹಾಕಿದನು. “ಏನ್ ಸಾರ್, ಈ ಕಡೆ? ಗಾಡಿ ಏನಾದ್ರೂ ತಗೊಂಡ್ರಾ?”

“ಇಲ್ಲಪ್ಪ. ಒಂದು ವಿಷಯ ಕೇಳೋಣ ಅಂತ ಬಂದೆ.” ಮೇಷ್ಟರು ಜೇಬಿನಿಂದ ಸೀಸೆಯನ್ನು ತೆಗೆದು ತೋರಿಸಿದರು, ಅಳಿಯನು ಹೇಳಿದುದನ್ನು ಹೇಳಿದರು. ಹೇಳಿ ಮುಗಿಸಿ, “ಗಂಧಕ ಕಡಮೆಯಾದದ್ದು ನಿನಗೇನಾದರೂ ಗೊತ್ತಾಗುತ್ತದೆಯೇ?” ಎಂದು ಕೇಳಿದರು.

ಅವನು ಆಶ್ಚರ್ಯದಿಂದ ಅವರ ಮುಖವನ್ನು ನೋಡಿದನು. ಮೇಷ್ಟರು ತನಗೆ ಪ್ರಶ್ನೆ ಹಾಕುತ್ತಿರುವುದು ಪರೀಕ್ಷೆಗಾಗಿ ಅಲ್ಲ, ತಿಳಿಯುವುದಕ್ಕಾಗಿ ಎಂಬುದು ಅವನಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಮಾತನಾಡಿದನು. ಹೊಸ ಗಾಡಿಗಳ ಹೊಗೆಕೊಳವೆಯಲ್ಲಿ ಏನೇನಿವೆಯೆಂದು ಬಿಚ್ಚಿಟ್ಟ ಒಂದು ಲಾರಿಯ ಬಳಿಗೆ ಕರೆದೊಯ್ದು ತೋರಿಸಿದನು: ಮೊದಲು ಹೊಗೆಯನ್ನು ಇನ್ನಷ್ಟು ಸುಡುವ ಭಾಗ, ಆಮೇಲೆ ಮಸಿಯನ್ನು ಹಿಡಿಯುವ ಜರಡಿ, ಆಮೇಲೆ ಯೂರಿಯಾದ ನೀರನ್ನು ಚಿಮುಕಿಸುವ ಭಾಗ. “ಎಲ್ಲಾದ್ರೂ ಸೀಮೆಎಣ್ಣೆ ಬೆರೆಸಿದ ಡೀಸೆಲ್ ಹಾಕಿಸ್ಕೊಂಡು ಬಂದ್ರೆ ಇದು ಕೆಡುತ್ತೆ ಸಾರ್. ನಾವು ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ.” ಜೇನುಹುಟ್ಟಿನಂತೆ ಸಾವಿರ ಕಣ್ಣುಗಳುಳ್ಳ ಒಡೆದ ಬಿಲ್ಲೆಯೊಂದನ್ನು ಮೂಲೆಯಿಂದ ಎತ್ತಿ ತಂದು ಮೇಷ್ಟರ ಕೈಗಿತ್ತನು. ಅದರ ಗೋಡೆಗಳಿಗೆ ಪ್ಲಾಟಿನಮ್ ಲೇಪಿಸಿರುತ್ತದೆಂಬುದು ಮೇಷ್ಟರಿಗೆ ಪುಸ್ತಕದಿಂದ ತಿಳಿದಿತ್ತು. ಅದು ಕೈಗೆ ಇಷ್ಟು ಹಗುರವಾಗಿರುತ್ತದೆಂಬುದು ತಿಳಿದಿರಲಿಲ್ಲ. ಬಿಳಿಯ ಅಂಗಿಯ ಮುಂಗೈಗೆ ಮಸಿ ಹತ್ತಿತು. ಅವನು ಗಾಬರಿಗೊಂಡು ಬಟ್ಟೆ ತರಲು ಹೊರಟನು, ಮೇಷ್ಟರು ತಡೆದರು.

ಹೊರಡುವ ಮುನ್ನ ಅವರು ಹೇಳಬೇಕೆಂದು ಬಂದುದನ್ನು ಹೇಗೋ ಹೇಳಿದರು. “ಆ ವರ್ಷ ನಿನ್ನನ್ನು ಬಾಗಿಲ ಹತ್ತಿರ ಕೂರಿಸಿದ್ದೆ. ಆಮೇಲೆ ನೀನು ಬರಲಿಲ್ಲ. ನಾನೂ ಕೇಳಲಿಲ್ಲ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಹೆದ್ದಾರಿಯಲ್ಲಿ ಒಂದು ಟ್ಯಾಂಕರು ಘಾಟಿಯ ಕೊನೆಯ ಏರನ್ನು ಮುಗಿಸಿ ಗೇರು ಬದಲಿಸಿತು; ಹೊಗೆಯು ಕಾಣಲಿಲ್ಲ.

“ಬಾಗಿಲ ಹತ್ರ ಗಾಳಿ ಚೆನ್ನಾಗಿ ಬರ್ತಿತ್ತು ಸಾರ್,” ಎಂದನು ಅವನು.

ಅದು ಕ್ಷಮೆಯೋ, ಸೌಜನ್ಯವೋ, ಬರಿಯ ನಿಜವೋ ಮೇಷ್ಟರಿಗೆ ತಿಳಿಯಲಿಲ್ಲ. ಮರಳಿ ಕೇಳುವಷ್ಟು ಧೈರ್ಯವೂ ಆಗಲಿಲ್ಲ. ಸೀಸೆಯನ್ನು ಅವನ ಮೇಜಿನ ಮೇಲೆಯೇ ಬಿಟ್ಟು, “ನಿನ್ನ ಹುಡುಗರಿಗೆ ತೋರಿಸು. ಸಂಜೆಯ ಹೊತ್ತು ಬಿಡುವಿದ್ದರೆ ಹೇಳಿಕಳಿಸು, ನಾನೇ ಬಂದು ವಿವರಿಸುತ್ತೇನೆ,” ಎಂದು ಕೊಡೆಯನ್ನೆತ್ತಿಕೊಂಡರು.

ಮೂರು ದಿನಗಳ ಮೇಲೆ ಹೇಳಿಕಳಿಸುವ ಮೊದಲೇ ಅವರು ಹೋದರೆಂದೂ, ಈಗ ವಾರಕ್ಕೆರಡು ಸಂಜೆ ಆ ಗ್ಯಾರೇಜಿನಲ್ಲಿ ನಾಲ್ವರು ಹುಡುಗರಿಗೆ ಪಾಠವಾಗುತ್ತದೆಂದೂ ಪೇಟೆಯವರು ಹೇಳುತ್ತಾರೆ. ಆ ಹುಡುಗರಲ್ಲಿ ಒಬ್ಬನು ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದಾನೆ. ವೇಗವರ್ಧಕದ ಪಾಠ ಬಂದಾಗ ಹಳೆಯ ವಾಕ್ಯವನ್ನು ಮೇಷ್ಟರು ಈಗಲೂ ಬರೆಯಿಸುತ್ತಾರೆ. ಪರೀಕ್ಷೆಗೆ ಅದು ಬೇಕು. ಬರೆಯಿಸಿದ ಮೇಲೆ, ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿಕೊಳ್ಳಲು ಹೇಳುತ್ತಾರೆ: “ನಡುವೆ ಅದು ಮಾರ್ಪಡುತ್ತದೆ.” ಮನೆಗೆ ಹಿಂದಿರುಗುವಾಗ ಅವರ ಅಂಗಿಗೆ ಡೀಸೆಲಿನ ವಾಸನೆಯಿರುತ್ತದೆ. ಅದು ಗಂಧಕದ ವಾಸನೆಯಲ್ಲವೆಂದು ಅವರು ಮನೆಯವರಿಗೆ ವಿವರಿಸುತ್ತಾರೆ.